ಬಾಣಂತಿ ಸತ್ತ ಮನೆಯಲ್ಲಿ ನಾನು ಏನು ಕೇಳುತ್ತೇನೆ

ಕೊಪ್ಪಳ ಕಡೆಯ ಹಳ್ಳಿಗಳಲ್ಲಿ ಬಾಣಂತಿ ಸಾವುಗಳ ಮಾಹಿತಿ ಸೇರಿಸುವ ಕೆಲಸ ನನ್ನದು. ವರ್ಬಲ್ ಅಟಾಪ್ಸಿ ಅಂತಾರೆ. ಹೆಸರು ದೊಡ್ಡದು, ಕೆಲಸ ಇಷ್ಟೇ: ಸತ್ತವಳ ಮನೆಗೆ ಹೋಗಿ ಕೂತು, ಏನೇನಾಯಿತು ಅಂತ ಕೇಳಿ ಬರೆದುಕೊಳ್ಳುವುದು.

‘ಯಾಕೆ ತಡ ಮಾಡಿದ್ರಿ’ ಅಂತ ನಾನು ಕೇಳುವುದೇ ಇಲ್ಲ. ಕೇಳಿದರೆ ಅತ್ತೆ ತಲೆ ತಗ್ಗಿಸುತ್ತಾಳೆ, ಗಂಡ ಎದ್ದು ಹೊರಗೆ ಹೋಗುತ್ತಾನೆ, ಅಲ್ಲಿಗೆ ಮಾತು ಮುಗೀತು. ಬದಲಿಗೆ ನೋವು ಶುರುವಾದಾಗಿನಿಂದ ಒಂದೊಂದೇ ಕೇಳುತ್ತೇನೆ. ಗಡಿಯಾರ ಯಾರು ನೋಡಿರುತ್ತಾರೆ? ಎಮ್ಮೆ ಹಿಂಡೋ ಹೊತ್ತಾಗಿತ್ತಾ, ಕೊನೇ ಬಸ್ಸು ಹೋಗಿತ್ತಾ, ಕರೆಂಟ್ ಇತ್ತಾ ಅಂತ ಕೇಳಿದರೆ ಎಲ್ಲಾ ನೆನಪಾಗುತ್ತದೆ. ಗಾಡಿ ಓಡಿಸಿದವನನ್ನೂ ಆಶಾ ಕಾರ್ಯಕರ್ತೆಯನ್ನೂ ಬೇರೆ ಬೇರೆ ಕೂರಿಸಿ ಕೇಳುತ್ತೇನೆ. ಮನೆಯವರದ್ದೂ ಸೇರಿಸಿ ಮೂರೂ ಕಡೆಯ ಮಾತನ್ನು ಒಂದೇ ಹಾಳೆಯಲ್ಲಿ ಪಕ್ಕಪಕ್ಕ ಬರೆದರೆ ಹೊತ್ತು ಎಲ್ಲಿ ಹೋಯಿತು ಅನ್ನುವುದು ಕಾಣುತ್ತದೆ.

ಎಷ್ಟೋ ಸಲ ಆ ಹೊತ್ತು ಮನೆಯಲ್ಲಿ ಹೋಗಿರುವುದಿಲ್ಲ. ಪಿಎಚ್‌ಸಿ, ಅಂದರೆ ಪ್ರಾಥಮಿಕ ಆರೋಗ್ಯ ಕೇಂದ್ರದಿಂದ ತಾಲ್ಲೂಕು ಆಸ್ಪತ್ರೆ, ಅಲ್ಲಿ ರಕ್ತ ಇಲ್ಲ ಅಂತ ಜಿಲ್ಲಾಸ್ಪತ್ರೆ. ‘ನಾವು ಹೋಗೇವ್ರಿ ಅಕ್ಕಾರ, ಅವ್ರ ಮುಂದ ಹೋಗ್ರಿ ಅಂದ್ರು’ ಅಂದಳು ಒಬ್ಬ ಅತ್ತೆ. ಹೆರಿಗೆ ಆದಮೇಲೆ ರಕ್ತ ನಿಲ್ಲದಿದ್ದರೆ ಎರಡೇ ಗಂಟೆಯಲ್ಲಿ ಜೀವ ಹೋಗಬಹುದು. ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತವೆ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. ಆದರೂ 2018-20ರಲ್ಲಿ ಲಕ್ಷ ಜೀವಂತ ಜನನಕ್ಕೆ ನಮ್ಮಲ್ಲಿ 69 ತಾಯಂದಿರ ಸಾವು, ಕೇರಳದಲ್ಲಿ 19. ಅಂದಮೇಲೆ ‘ಹಳ್ಳಿಯವರಿಗೆ ತಿಳುವಳಿಕೆ ಕಡಿಮೆ’ ಅಂತ ಸುಮ್ನೆ ಬರೆದು ಕೈತೊಳೆದುಕೊಳ್ಳೋದು ಸರಿಯಲ್ಲ, ಅಲ್ವಾ?

ಇನ್ನೊಂದು ತೊಡಕು ತವರು. ಚೊಚ್ಚಲ ಬಸುರಿ ಕೊನೆಯ ತಿಂಗಳುಗಳಲ್ಲಿ ತವರಿಗೆ ಹೋಗುತ್ತಾಳೆ, ಬಸುರಿಯ ತಪಾಸಣೆ ಬರೆದಿಡುವ ‘ತಾಯಿ ಕಾರ್ಡ್’ ಮಾಡಿಸಿರುವುದು ಗಂಡನ ಊರಲ್ಲಿ. ಎಚ್‌ಬಿ (ರಕ್ತದ ಹಿಮೋಗ್ಲೋಬಿನ್) 7ಕ್ಕಿಂತ ಕೆಳಗಿದೆ, ಹುಷಾರಾಗಿರಬೇಕು ಅನ್ನುವುದು ಗಂಡನ ಊರಿನ ಆಶಾಗೆ ಗೊತ್ತು, ತವರೂರಿನವಳಿಗೆ ಯಾರೂ ಹೇಳಿರುವುದಿಲ್ಲ. ಅದಕ್ಕೇ ಎರಡೂ ಊರಿಗೆ ಹೋಗಲೇಬೇಕು. ಬೆಂಗಳೂರಿಗೆ ದುಡಿಯೋಕೆ ಹೋದವರ ಮನೆಯದಾದರೆ ಅಲೆದಾಟ ಇನ್ನೂ ಜಾಸ್ತಿ.

ಬರೆದದ್ದನ್ನು ಕೊನೆಗೆ ಮನೆಯವರಿಗೇ ಓದಿ ಹೇಳುತ್ತೇನೆ. ಅವರು ತಿದ್ದುತ್ತಾರೆ: ‘ಆಂಬುಲೆನ್ಸ್ ಅಲ್ರಿ, ನಮ್ಮ ಓಣಿಯವರ ಟಂಟಂ.’ ಹಾಗೆ ತಿದ್ದಿಸಿಕೊಂಡು, ಹೆಸರು ತೆಗೆದು, ಆಮೇಲಷ್ಟೇ ವರದಿಯನ್ನು ಜಿಲ್ಲೆಯ ಅಧಿಕಾರಿಗಳ ಮುಂದೆ ಇಡುತ್ತೇನೆ.