ಆಗೋದೇ ಇಲ್ಲ ಅನ್ನಿಸುವ ಎರಡು ಮಾತು ತೂಗಲು ಒಂದು ಪುಕ್ಕಟೆ ಪಂದ್ಯ

ಎರಡೂ ಆಗೋದೇ ಇಲ್ಲ ಅನ್ನಿಸಿದಾಗ, ಗೆದ್ದರೆ ಲಕ್ಷ ರೂಪಾಯಿ ಕೊಡುವ ಪುಕ್ಕಟೆ ಚೀಟಿಯನ್ನು ಯಾವುದರ ಮೇಲೆ ಇಡುತ್ತೀರಿ ಅಂತ ಕೇಳಿಕೊಳ್ಳಿ. ಬರುವ ಏಪ್ರಿಲ್‌ನ ಉರಿಬಿಸಿಲಲ್ಲಿ ವಾಣಿ ವಿಲಾಸ ಸಾಗರ ಜಲಾಶಯ ತುಂಬಿ ಕೋಡಿ ಬೀಳುವುದಾ, ಚಿತ್ರದುರ್ಗದ ಕೋಟೆ ಮೇಲೆ ಹಿಮ ಬೀಳುವುದಾ? ಕೈ ಕೋಡಿಯ ಕಡೆಗೇ ಹೋಗುತ್ತದೆ. 1933ರಲ್ಲಿ ಬಿದ್ದ ಕೋಡಿ 2022ರಲ್ಲಿ ಮತ್ತೆ ಬಿತ್ತು, ಅಲ್ವಾ? ಸಾವಿರಕ್ಕೊಂದು ಸಾಧ್ಯತೆ, ಹತ್ತು ಲಕ್ಷಕ್ಕೊಂದು ಸಾಧ್ಯತೆ ಎರಡೂ ಮನಸ್ಸಿಗೆ ಸುಮ್ನೆ ‘ಇಲ್ಲ’ ಅಷ್ಟೇ. ಒಂದನ್ನು ಆರಿಸು ಅಂದಾಗ ಮಾತ್ರ ವ್ಯತ್ಯಾಸ ಕಾಣುತ್ತದೆ. ಅಳತೆ ಬೇಕಾದರೆ ನಾಣ್ಯದ ಜೊತೆ ಹೋಲಿಸಿ. ಸತತ 10 ಸಲ ಹೆಡ್ಸ್ ಬೀಳೋದು 1024ಕ್ಕೆ ಒಂದು, 20 ಸಲ ಸುಮಾರು ಹತ್ತು ಲಕ್ಷಕ್ಕೆ ಒಂದು. ಪ್ರಳಯದಂಥ ಮಾತಿಗೆ ಇದು ನಡೆಯುವುದಿಲ್ಲ, ಗೆದ್ದರೂ ಆ ದುಡ್ಡಿಗೆ ಬೆಲೆ ಇರುವುದಿಲ್ಲ. ಆಸೆ ಜಾಸ್ತಿ ಇರುವ ಕಡೆಯೂ ಕೈ ತಪ್ಪು ದಾರಿ ತೋರಿಸುತ್ತದೆ.