ಬೈಕ್‌ಗೆ ಹೀಟೆಡ್ ಗ್ರಿಪ್: ಅಂಟು ಹಚ್ಚುವ ಮೊದಲು ವೈರ್ ನೋಡಿ

ಸೆಕೆಗೆ ಶರ್ಟ್ ಬೆನ್ನಿಗೆ ಅಂಟುವ ಮಂಗಳೂರಿನಲ್ಲಿ ಅಂಗೈ ಬೆಚ್ಚಗಿಡುವ ಗ್ರಿಪ್ ಯಾಕೆ ಅಂತ ನಗಬೇಡಿ. ಲಡಾಖ್‌ಗೆ ಹೊರಡುವವರು ನಮ್ಮೂರಿನಲ್ಲೂ ಇದ್ದಾರೆ. ಬೈಕನ್ನು ರೈಲಿಗೆ ಹಾಕಿ ಉತ್ತರದಲ್ಲಿ ಇಳಿಸಿಕೊಳ್ಳುವವರು ಕೆಲವರು, ಇಲ್ಲಿಂದಲೇ ಓಡಿಸಿಕೊಂಡು ಹೋಗುವವರು ಇನ್ನು ಕೆಲವರು. ಮನಾಲಿ–ಲೇಹ್ ದಾರಿಯ ತಂಗ್ಲಾಂಗ್ ಲಾ 5,300 ಮೀಟರ್ ಎತ್ತರದಲ್ಲಿದೆ. ಜೂನ್‌ನಲ್ಲೂ ಅಲ್ಲಿ ಬೆಳಿಗ್ಗೆ ಬೆರಳು ಮರಗಟ್ಟುತ್ತದೆ. ಮರಗಟ್ಟಿದ ಬೆರಳಿಗೆ ಬ್ರೇಕ್ ಹಿಡಿಯುವುದು ತಡ. ದಪ್ಪ ಗ್ಲೌಸ್ ಹಾಕಿದರೆ ಲಿವರ್ ಹಿಡಿದದ್ದೇ ಗೊತ್ತಾಗುವುದಿಲ್ಲ.

ಇದು ಹಿಮದೂರಿನ ಸಾಮಾನು. ಗುಲ್ಮಾರ್ಗ್‌ನಲ್ಲಿ ಪ್ರವಾಸಿಗರು ಕೂತು ಹೋಗುವ ಸ್ನೋಮೊಬೈಲ್ ನೋಡಿದ್ದೀರಲ್ವಾ? ಅದರ ಎಕ್ಸಲರೇಟರ್ ತಿರುಗಿಸುವುದಲ್ಲ, ಹೆಬ್ಬೆರಳಲ್ಲಿ ಒತ್ತುವುದು. ಎರಡೂ ಗ್ರಿಪ್ ಹ್ಯಾಂಡಲ್‌ಗೆ ಕಚ್ಚಿಕೊಂಡು ಸುಮ್ನೆ ಇರುತ್ತವೆ. ಎಷ್ಟೋ ಸ್ನೋಮೊಬೈಲ್‌ಗಳಲ್ಲಿ ಬಿಸಿಯಾಗುವುದು ಗ್ರಿಪ್‌ನ ಅಡಿಯಲ್ಲಿ ಪೈಪಿಗೆ ಸುತ್ತಿದ ತೆಳು ಹಾಳೆ. ಹಳೆ ರಬ್ಬರ್ ಕೊಯ್ಯುವಾಗ ಆ ಹಾಳೆಗೆ ಬ್ಲೇಡ್ ತಾಗದಂತೆ ನೋಡಿಕೊಳ್ಳುವುದೇ ಅಲ್ಲಿನ ದೊಡ್ಡ ಎಚ್ಚರ. ನಮ್ಮ ಬೈಕ್‌ನ ಕತೆ ಬೇರೆ. ಬಲಗೈ ಗ್ರಿಪ್ ಸವಾರಿ ಉದ್ದಕ್ಕೂ ತಿರುಗುತ್ತಲೇ ಇರುತ್ತದೆ, ಜೊತೆಗೆ ಅದರ ವೈರ್ ಕೂಡ. ಕೆಟ್ಟುಹೋದ ಹೀಟೆಡ್ ಗ್ರಿಪ್ ಕೈಗೆ ಬಂದರೆ ಮೊದಲು ನೋಡಬೇಕಾದ್ದು ಬಲಗಡೆಯ ವೈರ್ ರಬ್ಬರ್‌ನಿಂದ ಹೊರಬರುವ ಅರ್ಧ ಇಂಚು ಜಾಗವನ್ನು.

ಕರೆಂಟ್ ಸಾಕಾಗುತ್ತದಾ?

ಒಂದು ಜೊತೆ ಗ್ರಿಪ್ ಜೋರಾಗಿ ಇಟ್ಟಾಗ ಸುಮಾರು 3 ಆಂಪಿಯರ್ ಎಳೆಯುತ್ತದೆ ಅಂದುಕೊಳ್ಳಿ. 12 ವೋಲ್ಟ್‌ಗೆ ಅದು 36 ವಾಟ್. ಸಾಮಾನ್ಯ ಬೈಕ್‌ನ ಹೆಡ್‌ಲೈಟ್ ಬಲ್ಬ್ 35 ವಾಟ್. ಅಂದರೆ ಇನ್ನೊಂದು ಹೆಡ್‌ಲೈಟ್ ಹಾಕಿದ ಲೆಕ್ಕ. 2017ರ ಏಪ್ರಿಲ್‌ನಿಂದ ಹೊಸ ಬೈಕ್‌ಗಳಲ್ಲಿ ಎಂಜಿನ್ ಚಾಲೂ ಇರುವಷ್ಟು ಹೊತ್ತೂ ಹೆಡ್‌ಲೈಟ್ ಉರಿಯುತ್ತಲೇ ಇರುತ್ತದೆ. 100–125 ಸಿಸಿ ಗಾಡಿಗೆ ಇದೆಲ್ಲ ಭಾರ. ಅದರಲ್ಲಿ ಹೋಗುವವರು ಒಳ್ಳೆಯ ಗ್ಲೌಸ್‌ಗೆ ಹಣ ಹಾಕುವುದು ಮೇಲು. ದೊಡ್ಡ ಬೈಕ್ ಇದ್ದರೆ ಮಂಡೆಬೆಚ್ಚ ಬೇಡ. ಆದರೂ ಎಂಜಿನ್ ಆಫ್ ಮಾಡಿ ಗ್ರಿಪ್ ಆನ್ ಬಿಟ್ಟರೆ 5 ಆಂಪಿಯರ್ ಅವರ್ ಬ್ಯಾಟರಿ ಎರಡು ಗಂಟೆಯೊಳಗೆ ಮಲಗುತ್ತದೆ.

ಕೊಳ್ಳುವಾಗ ನಿಮ್ಮ ಹ್ಯಾಂಡಲ್‌ನ ದಪ್ಪ, ಹಳೆ ಗ್ರಿಪ್‌ನ ಉದ್ದ ಎರಡನ್ನೂ ಅಳೆದುಕೊಂಡು ಹೋಗಿ. ಹೆಚ್ಚಿನ ಬೈಕ್‌ಗಳಲ್ಲಿ ಗ್ರಿಪ್ ಕೂರುವ ಕಡೆ ಪೈಪ್ 22 ಮಿಲಿಮೀಟರ್. ಬಲಗಡೆ ಪೈಪಿನ ಮೇಲೆ ಎಕ್ಸಲರೇಟರ್‌ನ ಪ್ಲಾಸ್ಟಿಕ್ ಕೊಳವೆ ಇರುವುದರಿಂದ ಆ ಗ್ರಿಪ್‌ನ ತೂತು ದೊಡ್ಡದು. ಎಡ ಬಲ ಅದಲು ಬದಲು ಆಗುವುದಿಲ್ಲ.

ಹಳೆಯದು ಬಿಚ್ಚುವುದು

ಮೊದಲು ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಆಮೇಲೆ ಹ್ಯಾಂಡಲ್ ತುದಿಯ ತೂಕದ ಸ್ಕ್ರೂ. ಸುರತ್ಕಲ್, ಮಲ್ಪೆ ಕಡೆ ಕಡಲ ಹತ್ತಿರ ನಿಲ್ಲುವ ಗಾಡಿಯಾದರೆ ಈ ಸ್ಕ್ರೂ ತುಕ್ಕು ಹಿಡಿದು ಕಚ್ಚಿರುತ್ತದೆ. ಬಲ ಹಾಕಿದರೆ ತಲೆ ಸವೆದು ಹೋದೀತು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಚಹಾ ಕುಡಿದು ಬನ್ನಿ. ಸರಿಯಾದ ಸೈಜಿನ ಸ್ಕ್ರೂಡ್ರೈವರ್ ಇಟ್ಟು, ಹಿಂದಿನಿಂದ ಸುತ್ತಿಗೆಯಲ್ಲಿ ಮೆಲ್ಲಗೆ ಒಂದು ಪೆಟ್ಟು ಕೊಟ್ಟು ತಿರುಗಿಸಿ.

ಹಳೆ ಗ್ರಿಪ್ ಮತ್ತೆ ಬೇಕಿಲ್ಲವಾದರೆ ಬ್ಲೇಡ್‌ನಲ್ಲಿ ಉದ್ದಕ್ಕೆ ಕೊಯ್ದು ಸುಲಿಯಿರಿ. ಬಲಗಡೆ ಮೆಲ್ಲಗೆ, ಕೆಳಗಿರುವುದು ಪ್ಲಾಸ್ಟಿಕ್. ಉಳಿಸಿಕೊಳ್ಳಬೇಕು ಅಂತಿದ್ದರೆ ತೆಳು ಸ್ಕ್ರೂಡ್ರೈವರ್ ತೂರಿಸಿ, ಸಂದಿಗೆ ಸೋಪು ನೀರು ಬಿಟ್ಟು, ತಿರುಚುತ್ತಾ ಎಳೆಯಿರಿ.

ಬಲಗಡೆಯ ಪ್ಲಾಸ್ಟಿಕ್ ಕೊಳವೆಯ ಮೇಲೆ ಸಣ್ಣ ಏಣುಗಳಿರುತ್ತವೆ. ಹೀಟೆಡ್ ಗ್ರಿಪ್‌ನ ಒಳಭಾಗ ಗಟ್ಟಿ, ಏಣಿನ ಮೇಲೆ ಕೂರುವುದಿಲ್ಲ. ಅವನ್ನು ಅರ, ಮರಳು ಕಾಗದದಲ್ಲಿ ತಿಕ್ಕಿ ಸಮ ಮಾಡಬೇಕು. ಕೊಳವೆ ಅಗ್ಗದ ವಸ್ತು, ಹೊಸದೊಂದು ತಂದು ಅದನ್ನೇ ತಿಕ್ಕಿದರೆ ಹಳೆಯದು ಹಾಗೇ ಉಳಿಯುತ್ತದೆ. ಪೈಪಿನಲ್ಲಿ ಉಳಿದ ಅಂಟು, ಎಣ್ಣೆ, ಬೆವರಿನ ಜಿಡ್ಡು ಎಲ್ಲ ಸ್ಪಿರಿಟ್‌ನಲ್ಲಿ ಒರೆಸಿ. ಈ ಒರೆಸುವ ಕೆಲಸ ಬೇಜಾರಿನದು, ಆದರೆ ಗ್ರಿಪ್ ಸಡಿಲವಾಗಿ ತಿರುಗಲು ಶುರುವಾಗುವುದು ಇಲ್ಲಿ ಬಿಟ್ಟ ಜಿಡ್ಡಿನಿಂದಲೇ.

ಅಂಟಿಲ್ಲದೆ ಕೂರಿಸಿ ನೋಡಿ, ಆಮೇಲೆ ಅಂಟು

ಹೊಸ ಗ್ರಿಪ್‌ಗೆ ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರ್ ಇಡಿ. 12 ವೋಲ್ಟ್‌ನಲ್ಲಿ ಒಂದೂವರೆ ಆಂಪಿಯರ್ ಎಳೆಯುವ ಗ್ರಿಪ್ ಸುಮಾರು 8 ಓಮ್ ತೋರಿಸಬೇಕು. ಎಡ ಬಲ ಹೆಚ್ಚು ಕಡಿಮೆ ಒಂದೇ ಇರಬೇಕು. ಏನೂ ತೋರಿಸದಿದ್ದರೆ ಒಳಗೆ ತಂತಿ ಕಡಿದಿದೆ, ಅಂಗಡಿಗೆ ವಾಪಸ್ ಕೊಡಿ. ಅಂಟು ಹಚ್ಚಿದ ಮೇಲೆ ಯಾರೂ ತೆಗೆದುಕೊಳ್ಳುವುದಿಲ್ಲ ಮಾರಾಯ್ರೆ.

ಈಗ ಅಂಟಿಲ್ಲದೆ ಬಲಗಡೆಯದನ್ನು ತೂರಿಸಿ. ವೈರ್ ಹೊರಬರುವ ಗುಬುಟು ಯಾವ ಕಡೆ ಮುಖ ಮಾಡಿದೆ ನೋಡಿ. ಎಕ್ಸಲರೇಟರ್ ಪೂರ್ತಿ ತಿರುಗಿಸಿ, ಬಿಡಿ. ಗುಬುಟು ಬ್ರೇಕ್ ಲಿವರ್‌ಗೆ, ಸ್ವಿಚ್ ಬಾಕ್ಸ್‌ಗೆ ತಾಗಿತಾ? ವೈರ್ ಎಲ್ಲಾದರೂ ಬಿಗಿಯಿತಾ? ಹ್ಯಾಂಡಲನ್ನು ಪೂರ್ತಿ ಎಡಕ್ಕೆ ಹೊರಳಿಸಿ ಮತ್ತೆ ತಿರುಗಿಸಿ. ಬಲಕ್ಕೆ ಹೊರಳಿಸಿ ಇನ್ನೊಮ್ಮೆ. ಮೂರೂ ಕಡೆ ಎಕ್ಸಲರೇಟರ್ ಟಪ್ ಅಂತ ತಾನಾಗಿ ವಾಪಸ್ ಬರಬೇಕು. ತಡೆದರೆ ಗಾಡಿ ತಾನೇ ಓಡಲು ಶುರುವಾಗುತ್ತದೆ, ಘಾಟಿಯ ತಿರುವಿನಲ್ಲಿ ಅದು ಜೀವಕ್ಕೇ ಬರುವ ಮಾತು. ಸರಿಯಾದ ಜಾಗ ಸಿಕ್ಕಿದ ಮೇಲೆ ಗ್ರಿಪ್‌ಗೂ ಕೊಳವೆಗೂ ಸೇರಿಸಿ ಪೆನ್ನಿನಲ್ಲಿ ಒಂದು ಗೆರೆ ಎಳೆಯಿರಿ. ಗ್ರಿಪ್‌ಗೂ ಸ್ವಿಚ್ ಬಾಕ್ಸ್‌ಗೂ ನಡುವೆ ಒಂದೆರಡು ಮಿಲಿಮೀಟರ್ ಸಂದಿ ಬಿಡಿ. ವೈರ್ ಅಲ್ಲಿ ಒಂದು ಸಡಿಲ ಬಳಸು ಹಾಕಿ ಹೋಗಲಿ. ಎಳೆದು ಟೈ ಕಟ್ಟಿದರೆ ತಿರುಗಿಸಿದಾಗಲೆಲ್ಲ ಬುಡದಲ್ಲೇ ಮಡಚಿಕೊಂಡು ಒಳಗಿನ ಎಳೆಗಳು ಒಂದೊಂದಾಗಿ ಕಡಿಯುತ್ತವೆ.

ಸೆಟ್‌ನ ಜೊತೆ ಬಂದ ಅಂಟನ್ನೇ ಹಚ್ಚಿ, ಒಂದೇ ಸಲಕ್ಕೆ ತಿರುಚುತ್ತಾ ಗೆರೆಗೆ ತಂದು ನಿಲ್ಲಿಸಿ. ಫೆವಿಕ್ವಿಕ್ ಬೇಡ, ಜಾಗ ಸರಿಮಾಡಲು ಅದು ಪುರುಸೊತ್ತೇ ಕೊಡುವುದಿಲ್ಲ. ಬಲಗಡೆ ಅಂಟು ಕೊಳವೆಯ ತುದಿ ದಾಟಿ ಪೈಪಿಗೆ ಇಳಿಯಬಾರದು. ಎಡಗಡೆ ಇಷ್ಟು ತಲೆಬಿಸಿಯಿಲ್ಲ, ವೈರ್ ಕ್ಲಚ್ ಲಿವರ್‌ಗೆ ತಾಗದಿದ್ದರೆ ಸಾಕು. ರಾತ್ರಿಯಿಡೀ ಮುಟ್ಟಬೇಡಿ.

ವೈರಿಂಗ್‌ಗೆ ನಾಲ್ಕು ಕಾಲಿನ ರಿಲೇ (ಸಣ್ಣ ಕರೆಂಟ್ ಕೊಟ್ಟರೆ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ಹಾಕಿ, ಕಾಲುಗಳ ನಂಬರ್ ಅದರ ಮೇಲೇ ಇರುತ್ತದೆ. 30ನೇ ಕಾಲಿಗೆ ಬ್ಯಾಟರಿ ಪಾಸಿಟಿವ್, ನಡುವೆ ಬ್ಯಾಟರಿಯ ಹತ್ತಿರವೇ 5 ಆಂಪಿಯರ್ ಫ್ಯೂಸ್. 87ರಿಂದ ಗ್ರಿಪ್‌ಗೆ. 85 ನೆಗೆಟಿವ್‌ಗೆ. 86ಕ್ಕೆ ಕೀ ಆನ್ ಮಾಡಿದಾಗ ಮಾತ್ರ ಕರೆಂಟ್ ಬರುವ ವೈರ್, ಅದನ್ನು ಮಲ್ಟಿಮೀಟರ್‌ನಲ್ಲೇ ಹುಡುಕಿ. ಹೀಗೆ ಮಾಡಿದರೆ ಕೀ ತೆಗೆದ ಕೂಡಲೇ ಗ್ರಿಪ್ ಆಫ್. ಗಾಡಿ ವಾರಂಟಿಯಲ್ಲಿದ್ದರೆ ಒರಿಜಿನಲ್ ವೈರ್ ಕತ್ತರಿಸುವ ಮೊದಲು ಸರ್ವೀಸ್ ಸೆಂಟರ್‌ನಲ್ಲಿ ಕೇಳಿ.

ಜಾಯಿಂಟ್‌ಗಳಿಗೆ ಬರೀ ಕಪ್ಪು ಟೇಪ್ ನಮ್ಮೂರಿಗೆ ಆಗುವುದಿಲ್ಲ. ಒಂದು ಮಳೆಗಾಲ ಕಳೆದ ಟೇಪ್ ಬಿಚ್ಚಿ ನೋಡಿ, ಅಂಟು ಕರಗಿ ಜಾರಿರುತ್ತದೆ, ಒಳಗಿನ ತಾಮ್ರ ಹಸಿರು ಪುಡಿಯಾಗಿರುತ್ತದೆ. ಬೆಸುಗೆ ಹಾಕಿ, ಒಳಗೆ ಅಂಟಿರುವ ಹೀಟ್ ಶ್ರಿಂಕ್ ಟ್ಯೂಬ್ (ಬಿಸಿ ಮಾಡಿದರೆ ಕುಗ್ಗಿ ಬಿಗಿಯಾಗುವ ಕೊಳವೆ) ಏರಿಸಿ. ಬಂದರಿನ ಕಡೆಯ ಅಂಗಡಿಗಳಲ್ಲಿ ಕೇಳಿ ನೋಡಿ. ಬ್ಯಾಟರಿ ಟರ್ಮಿನಲ್‌ಗೆ ಪೆಟ್ರೋಲಿಯಂ ಜೆಲ್ಲಿ ಸವರಿ.

ಇಲ್ಲಿನ ಸೆಕೆಯಲ್ಲಿ ಗ್ರಿಪ್ ಎಷ್ಟು ಬಿಸಿಯಾಯಿತು ಅಂತ ಅಂಗೈಗೆ ಸರಿಯಾಗಿ ಗೊತ್ತಾಗುವುದಿಲ್ಲ. ಮಲ್ಟಿಮೀಟರ್‌ನಲ್ಲಿ ನೋಡಿ. ಗ್ರಿಪ್ ಜೋರಾಗಿಟ್ಟು, ಎಂಜಿನ್ ಸ್ವಲ್ಪ ರೇಸ್ ಮಾಡಿದಾಗ ಬ್ಯಾಟರಿಯಲ್ಲಿ 13.5 ವೋಲ್ಟ್ ಆಸುಪಾಸು ಇದ್ದರೆ ಸರಿ. ಐಡಲ್‌ನಲ್ಲಿ 12.5ಕ್ಕಿಂತ ಇಳಿದರೆ ಟ್ರಾಫಿಕ್‌ನಲ್ಲಿ ಗ್ರಿಪ್ ಆಫ್ ಮಾಡುವ ಅಭ್ಯಾಸ ಬೇಕು. ಹೊರಡುವ ಮೊದಲು ಒಂದು ಬೆಳಗಿನ ಜಾವ ಚಾರ್ಮಾಡಿ ಹತ್ತಿ ಕೊಟ್ಟಿಗೆಹಾರದವರೆಗೆ ಹೋಗಿ ಬನ್ನಿ. ವಾಪಸ್ ಬಂದು ಬಲಗಡೆಯ ವೈರ್ ಬುಡವನ್ನು ಇನ್ನೊಮ್ಮೆ ನೋಡಿ. ಉಜ್ಜಿದ ಗುರುತು ಕಂಡರೆ ಟೈ ಬಿಚ್ಚಿ ಬಳಸು ಇನ್ನಷ್ಟು ಸಡಿಲ ಮಾಡಿ.