ಗಿನಿಕೋಳಿ ಮಂಕಾಗಿದೆಯಾ? ಬೆನ್ನಟ್ಟಿ ಹಿಡಿಯಬೇಡಿ

ನಮ್ಮ ಮನೆ ಉಡುಪಿಯಿಂದ ಸ್ವಲ್ಪ ಒಳಗೆ, ಹಿರಿಯಡ್ಕದ ಕಡೆ. ತೋಟದಲ್ಲಿ ಹಾವು ಕಂಡರೆ ಊರಿಗೇ ಕೇಳುವ ಹಾಗೆ ಕೂಗುತ್ತವೆ ಅಂತ ಯಾರೋ ಹೇಳಿದ್ದಕ್ಕೆ ಆರು ಗಿನಿಕೋಳಿ ತಂದೆವು. ಕೂಗುವುದು ನಿಜ. ಹಾವಿಗೆ ಮಾತ್ರ ಅಲ್ಲ, ಗ್ಯಾಸ್ ಸಿಲಿಂಡರ್ ತರುವವನಿಗೂ ಕೂಗುತ್ತವೆ, ತೆಂಗಿನ ಮಡಲು ಬಿದ್ದರೂ ಕೂಗುತ್ತವೆ. ಅಂಥದ್ದರಲ್ಲಿ ಕಳೆದ ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಒಂದು ಹೆಣ್ಣು ಸದ್ದಿಲ್ಲದೆ ಹಲಸಿನ ಬುಡದಲ್ಲಿ ರೆಕ್ಕೆ ಇಳಿಬಿಟ್ಟು ಕೂತಿತ್ತು.

ನಾವು ಮೂರು ಜನ ಅದನ್ನು ಹಿಡಿಯಲು ಓಡಿದೆವು. ಅಂಗಳ, ಹಟ್ಟಿಯ ಹಿಂದೆ, ಮತ್ತೆ ಅಂಗಳ. ಇಪ್ಪತ್ತು ನಿಮಿಷದ ಮೇಲೆ ಕೈಗೆ ಸಿಕ್ಕಿತು. ಬಾಯಿ ತೆರೆದು ಏದುಸಿರು ಬಿಡುತ್ತಿತ್ತು. ಮಧ್ಯಾಹ್ನದ ಊಟದ ಹೊತ್ತಿಗೆ ಸತ್ತಿತು. ಕಾಯಿಲೆಯಿಂದ ಸತ್ತಿತಾ, ಓಟದಿಂದಲಾ? ನನ್ನ ಅನುಮಾನ ಓಟದ ಮೇಲೆ.

ಗಿನಿಕೋಳಿ ಮೂಲದಲ್ಲಿ ಆಫ್ರಿಕಾದ ಹಕ್ಕಿ. ಸಾಕಿದರೂ ಅರ್ಧ ಕಾಡಿನದ್ದೇ. ಸೋತ ಹಕ್ಕಿಯನ್ನೇ ಬೇಟೆಯ ಪ್ರಾಣಿ ಮೊದಲು ಹಿಡಿಯುತ್ತದೆ, ಹಾಗಾಗಿ ಕಾಯಿಲೆಯನ್ನು ಅದು ಆದಷ್ಟು ಅಡಗಿಸಿಕೊಳ್ಳುತ್ತದೆ. ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಅದರ ಶಕ್ತಿ ಮುಗಿಯುತ್ತಾ ಬಂದಿರುತ್ತದೆ. ಉಳಿದದ್ದನ್ನು ನಾವು ಓಡಿಸಿ ಖರ್ಚು ಮಾಡಬಾರದು.

1. ಕತ್ತಲಾದ ಮೇಲೆ ಹಿಡಿಯಿರಿ

ನೆಲಕ್ಕೆ ಒರಗಿ ಬಿದ್ದಿದ್ದರೆ ತಕ್ಷಣ ಎತ್ತಿಕೊಳ್ಳಿ. ನಡೆದಾಡುತ್ತಿದ್ದರೆ ಸಂಜೆಯವರೆಗೆ ಕಾಯಿರಿ. ಕತ್ತಲಲ್ಲಿ ಇವಕ್ಕೆ ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೂತಲ್ಲೇ ಇರುತ್ತವೆ. ಒಂದು ಬೈರಾಸನ್ನು (ಟವೆಲ್) ಮೇಲಿಂದ ಹಾಕಿ, ಎರಡೂ ರೆಕ್ಕೆ ಒಳಗೆ ಬರುವ ಹಾಗೆ ಮೈಯನ್ನೇ ಹಿಡಿಯಿರಿ. ಊರಕೋಳಿಯ ಹಾಗೆ ಕಾಲು ಹಿಡಿದು ಎತ್ತಲೇಬಾರದು. ಇದರ ಕಾಲು ನಾಜೂಕು, ಒದ್ದಾಟದಲ್ಲಿ ಕೀಲು ತಪ್ಪುತ್ತದೆ. ಒಂದಷ್ಟು ಪುಕ್ಕ ಕೈಯಲ್ಲಿ ಉಳಿದರೆ ಹೆದರಬೇಡಿ, ಭಯಕ್ಕೆ ಉದುರುವುದು ಮಾಮೂಲು.

ಹಿಡಿದಾಗಲೇ ಎದೆಯ ನಡುವಿನ ಮೂಳೆ ಮುಟ್ಟಿ ನೋಡಿ. ಕತ್ತಿಯ ಬೆನ್ನಿನ ಹಾಗೆ ಚೂಪಾಗಿ ಸಿಕ್ಕಿದರೆ ಕಾಯಿಲೆ ಇವತ್ತಿನದ್ದಲ್ಲ, ವಾರಗಳಿಂದ ಒಳಗೇ ಇದೆ.

2. ಬಿಸಿ ಕೊಡಿ

ಮದ್ದು ಆಮೇಲೆ. ಕಾಯಿಲೆ ಬಿದ್ದ ಹಕ್ಕಿಗೆ ಮೈ ಬೆಚ್ಚಗಿಟ್ಟುಕೊಳ್ಳುವುದೇ ದೊಡ್ಡ ಕೆಲಸ, ಅದರಲ್ಲೂ ನಮ್ಮ ಮಳೆಗಾಲದಲ್ಲಿ. ದೊಡ್ಡ ರಟ್ಟಿನ ಪೆಟ್ಟಿಗೆ ಅಥವಾ ಹೆಡಿಗೆಗೆ ಗೋಣಿಚೀಲ ಹಾಸಿ. ಬರೀ ಪೇಪರ್ ಹಾಸಿದರೆ ಕಾಲು ಜಾರುತ್ತದೆ. ಒಂದು ಬದಿಗೆ ಮಾತ್ರ ಬಲ್ಬ್ ಕಟ್ಟಿ. ಸೆಕೆ ಆದರೆ ಹಕ್ಕಿ ತಾನೇ ಇನ್ನೊಂದು ಬದಿಗೆ ಸರಿಯುತ್ತದೆ. ಪೆಟ್ಟಿಗೆಯೊಳಗೆ 30 ಡಿಗ್ರಿ ಆಸುಪಾಸು ಇದ್ದರೆ ಸಾಕು.

ಈಗ ಎಲ್ಲರ ಮನೆಯಲ್ಲೂ ಎಲ್‌ಇಡಿ ಬಲ್ಬ್. ಅದರಲ್ಲಿ ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ. ಹಳೇ ತಂತಿಯ ಬಲ್ಬ್ ಒಂದನ್ನು ಹುಡುಕಿ ಇಟ್ಟುಕೊಳ್ಳಿ. ಮಳೆಗೆ ಕರೆಂಟ್ ಹೋಗುವುದಂತೂ ಗ್ಯಾರಂಟಿ ಅಲ್ವಾ? ಆಗ ಬಚ್ಚಲ ಹಂಡೆಯ ಬಿಸಿನೀರು ಬಾಟಲಿಗೆ ತುಂಬಿ, ಬಟ್ಟೆ ಸುತ್ತಿ ಪಕ್ಕದಲ್ಲಿಡಿ. ನೀರು ಆರುತ್ತಿದ್ದಂತೆ ಬದಲಾಯಿಸಿ.

ಒಂಟಿ ಮಾಡಿದರೆ ಗಿನಿಕೋಳಿ ಇನ್ನಷ್ಟು ಕಂಗಾಲಾಗುತ್ತದೆ. ಉಳಿದವುಗಳ ಸದ್ದು ಕೇಳುವ ಹಾಗಿರಲಿ, ಆದರೆ ನೀರು, ಕಾಳಿನ ಪಾತ್ರೆ ಬೇರೆಯೇ ಇರಲಿ. ಆರೋಗ್ಯದಲ್ಲಿರುವ ಕೋಳಿಗಳ ಕೆಲಸ ಮುಗಿಸಿ, ಕೊನೆಗೆ ಇದರ ಹತ್ತಿರ ಹೋಗಿ. ಆಮೇಲೆ ಸೋಪು ಹಾಕಿ ಕೈ ತೊಳೆಯಿರಿ.

3. ನೀರು ಕುಡಿಸಿ, ಸುರಿಯಬೇಡಿ

ಮೆಡಿಕಲ್ ಶಾಪಿನಲ್ಲಿ ಸಿಗುವ ಓಆರ್‌ಎಸ್ ದೊಡ್ಡ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೆ ಹಾಕಿ. ಮಾರನೆಯ ದಿನಕ್ಕೆ ಹೊಸತು ಮಾಡಿ. ಹಕ್ಕಿ ತಾನಾಗಿ ಕುಡಿಯದಿದ್ದರೆ ಡ್ರಾಪರಿನಿಂದ ಕೊಕ್ಕಿನ ತುದಿಯ ಬದಿಗೆ ಒಂದೇ ಹನಿ ಬಿಡಿ. ಅದು ಚಪ್ಪರಿಸಿ ನುಂಗಿದ ಮೇಲೆ ಇನ್ನೊಂದು. ಬಾಯಿ ಅಗಲಿಸಿ ನೋಡಿದರೆ ನಾಲಿಗೆಯ ಬುಡದಲ್ಲಿ ಸಣ್ಣ ತೂತು ಕಾಣುತ್ತದೆ. ಅದು ಉಸಿರಿನ ದಾರಿ. ಚಮಚದಲ್ಲಿ ಸುರಿದ ನೀರು ಅಲ್ಲಿಗೆ ಇಳಿದರೆ ಮುಗಿಯಿತು. “ಬೆಳ್ಳುಳ್ಳಿ ಜಜ್ಜಿ ಬಾಯಿಗೆ ತುರುಕಿ ಮಾರಾಯ್ರೆ, ಏಳ್ತದೆ” ಅಂತ ನೆರೆಮನೆಯವರು ಹೇಳಿದರು. ನಾನು ತುರುಕಲಿಲ್ಲ.

ನೀರು ಕುಡಿದು ಕಣ್ಣು ಬಿಟ್ಟ ಮೇಲೆ ಕುಚ್ಚಲಕ್ಕಿ ಗಂಜಿಯ ತಿಳಿ, ಬೇಯಿಸಿದ ಮೊಟ್ಟೆಯ ಹಳದಿ ಪುಡಿ, ಇಷ್ಟು ಸಾಕು.

4. ಹಿಕ್ಕೆ ನೋಡಿ

ಗೋಣಿಯ ಮೇಲೆ ಬಿಳಿ ಬಟ್ಟೆ ಹಾಕಿದರೆ ಬೆಳಿಗ್ಗೆ ಸ್ಪಷ್ಟವಾಗಿ ಕಾಣುತ್ತದೆ. ಕಂದು ಬಣ್ಣ, ಮೇಲೆ ಬಿಳಿ ಟೊಪ್ಪಿ ಇದ್ದರೆ ಸರಿ ಇದೆ. ರಕ್ತ ಕಂಡರೆ, ಅದರಲ್ಲೂ ಮರಿಗಳಲ್ಲಿ, ಕಾಕ್ಸಿಡಿಯೋಸಿಸ್ ಇರಬಹುದು. ಒದ್ದೆ ನೆಲದಲ್ಲಿ ಹರಡುವ ರೋಗ ಇದು. ಇದಕ್ಕೆ ಆಂಪ್ರೋಲಿಯಂ ಎಂಬ ಮದ್ದು ಇದೆ, ಪ್ರಮಾಣವನ್ನು ಪಶುವೈದ್ಯರಿಂದಲೇ ಕೇಳಿ. ಗಂಧಕದ ಹಾಗೆ ಹಳದಿ ಇದ್ದರೆ ಪಿತ್ತಜನಕಾಂಗಕ್ಕೆ (ಲಿವರ್) ಹೊಡೆಯುವ ಬ್ಲ್ಯಾಕ್‌ಹೆಡ್ ರೋಗದ ಗುಮಾನಿ. ಬರೀ ಹಸಿರು ಅಂದರೆ ಹೊಟ್ಟೆ ಖಾಲಿ ಇರಬಹುದು, ರಾಣಿಖೇತ್ ಎಂಬ ವೈರಸ್ ರೋಗವೂ ಇರಬಹುದು. ಸ್ವಲ್ಪ ಹಿಕ್ಕೆಯನ್ನು ಸಣ್ಣ ಡಬ್ಬಿಯಲ್ಲಿ ಅವತ್ತೇ ಪಶು ಆಸ್ಪತ್ರೆಗೆ ಒಯ್ಯಿರಿ. ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಹುಳದ ಮೊಟ್ಟೆ ಗೊತ್ತಾಗುತ್ತದೆ, ಅಂದಾಜಿನ ಮದ್ದು ತಪ್ಪುತ್ತದೆ.

ಕತ್ತು ಚಾಚಿ ಬಾಯಿ ತೆರೆದರೆ

ನಮ್ಮ ಎರಡನೇ ಕೋಳಿಗೆ ಆದದ್ದು ಇದು. ಎರಡು ನಿಮಿಷಕ್ಕೊಮ್ಮೆ ಕತ್ತು ಮೇಲಕ್ಕೆ ಚಾಚುತ್ತಿತ್ತು, ಆಕಳಿಸುವ ಹಾಗೆ ಬಾಯಿ ತೆರೆಯುತ್ತಿತ್ತು, ತಲೆ ಕೊಡವುತ್ತಿತ್ತು. ಶೀತ ಅಂದುಕೊಂಡೆ. ಡಾಕ್ಟ್ರು ಕೇಳಿದ್ದು ಒಂದೇ ಪ್ರಶ್ನೆ: “ಎರೆಹುಳ ತಿನ್ತದಾ?”

ತಿನ್ನದೆ ಇರ್ತದಾ? ಮಳೆ ಬಿದ್ದ ಮೇಲೆ ತೋಟದಲ್ಲಿ ಎರೆಹುಳ, ಬಸವನಹುಳ ಅವಕ್ಕೆ ಹಬ್ಬದೂಟ. ಶ್ವಾಸನಾಳದಲ್ಲಿ ಬೆಳೆಯುವ ಒಂದು ಕೆಂಪು ಹುಳದ ಮರಿಗಳು ಅದೇ ಎರೆಹುಳದೊಳಗೆ ಕೂತು ಬರುತ್ತವೆ. ಶ್ವಾಸನಾಳಕ್ಕೆ ಸೇರಿ ರಕ್ತ ಹೀರುತ್ತವೆ, ಉಸಿರಿಗೇ ಅಡ್ಡ ಕೂರುತ್ತವೆ. ಮರಿಗಳಾದರೆ ಉಸಿರುಗಟ್ಟಿ ಸಾಯುತ್ತವೆ. ಶೀತದ ಮದ್ದಿಗೆ ಇದು ಜಗ್ಗುವುದಿಲ್ಲ. ಫೆನ್‌ಬೆಂಡಜೋಲ್‌ನಂಥ ಹುಳದ ಮದ್ದೇ ಬೇಕು. ತೂಕ ನೋಡಿ ಡಾಕ್ಟ್ರು ಹೇಳಿದಷ್ಟು ದಿನ ಕೊಟ್ಟೆವು, ನಮ್ಮದು ಉಳಿಯಿತು. ಬಿಸಿಲಿನ ಸೆಕೆಗೂ ಕೋಳಿ ಬಾಯಿ ತೆರೆಯುತ್ತದೆ. ಆದರೆ ಆಗ ಎಲ್ಲವೂ ಒಟ್ಟಿಗೆ ತೆರೆಯುತ್ತವೆ, ನೆರಳಿಗೆ ಹೋದರೆ ನಿಲ್ಲುತ್ತದೆ.

ಕಾಳಿನ ಚೀಲದ ಚೀಟಿ ಓದಿ

ಅಂಗಡಿಯ ಬ್ರಾಯ್ಲರ್ ಫೀಡ್‌ನಲ್ಲಿ ಕೆಲವೊಮ್ಮೆ ಕಾಕ್ಸಿಡಿಯೋಸಿಸ್ ತಡೆಯುವ ಮದ್ದು ಮೊದಲೇ ಬೆರೆಸಿರುತ್ತಾರೆ. ಅದರಲ್ಲಿ ಮೊನೆನ್ಸಿನ್ ಇದ್ದರೆ ಗಿನಿಕೋಳಿಗೆ ವಿಷ. ಬ್ರಾಯ್ಲರ್ ಕೋಳಿಗೆ ಏನೂ ಆಗುವುದಿಲ್ಲ, ಇದು ಸಾಯಬಹುದು. ಹಾಗೆಯೇ ಬೂಸ್ಟು ಹಿಡಿದ ಜೋಳ, ಮುಗ್ಗಲು ವಾಸನೆಯ ಹಿಂಡಿ ಬೇಡ. ಒಣಗಿಸಿದರೂ ಅದರ ವಿಷ ಹೋಗುವುದಿಲ್ಲ.

ಕೂಡಲೇ ಫೋನ್ ಮಾಡಬೇಕಾದದ್ದು

ಕತ್ತು ತಿರುಚಿದ್ದು, ರೆಕ್ಕೆ-ಕಾಲು ಸೋತದ್ದು, ಎರಡು ದಿನದೊಳಗೆ ಒಂದಾದ ಮೇಲೊಂದು ಸತ್ತದ್ದು, ಇವು ಮನೆಮದ್ದಿನ ವಿಷಯವೇ ಅಲ್ಲ. ರಾಣಿಖೇತ್‌ಗೆ ಮದ್ದಿಲ್ಲ, ಲಸಿಕೆ ಮಾತ್ರ. ಹಕ್ಕಿಜ್ವರ ನಮಗೇನೂ ದೂರದ್ದಲ್ಲ. 2021ರ ಜನವರಿಯಲ್ಲಿ ಪಕ್ಕದ ಕೇರಳದ ಆಲಪ್ಪುಳ, ಕೊಟ್ಟಾಯಂನ ಬಾತುಕೋಳಿಗಳಲ್ಲಿ ಕಾಣಿಸಿಕೊಂಡಿತ್ತು. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ, ತೋಡಿಗೆ ಎಸೆಯಬೇಡಿ, ನಾಯಿಗೆ ಹಾಕಬೇಡಿ. ಹತ್ತಿರದ ಪಶು ಆಸ್ಪತ್ರೆಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ತಿಳಿಸಿ.

ಗುಂಪಿಗೆ ಸೇರಿಸುವಾಗ

ಚೇತರಿಸಿಕೊಂಡದ್ದನ್ನು ಹಗಲಲ್ಲಿ ಸೀದಾ ಬಿಟ್ಟರೆ ಉಳಿದವು ಕುಕ್ಕಿ ಓಡಿಸುತ್ತವೆ. ಎರಡು ಮೂರು ದಿನ ಬಲೆಯ ಗೂಡಿನಲ್ಲಿ ಅವುಗಳ ಎದುರೇ ಇಡಿ. ಆಮೇಲೆ ಕತ್ತಲಾಗುವ ಹೊತ್ತಿಗೆ ಅವು ಕೂರುವ ಕಡೆಯೇ ಕೂರಿಸಿ. ಮದ್ದು ನಡೆಯುವಾಗಿನ ಮೊಟ್ಟೆ ತಿನ್ನಬಾರದು. ಮುಗಿದ ಮೇಲೂ ಎಷ್ಟು ದಿನ ಬಿಡಬೇಕು ಅಂತ ಡಾಕ್ಟ್ರನ್ನು ಕೇಳಿಕೊಳ್ಳಿ. ಎಲ್ಲದಕ್ಕೂ ಒಂದೇ ಥರ ಚುಕ್ಕೆ, ಯಾವುದು ಯಾವುದೆಂದು ತಿಳಿಯುವುದಿಲ್ಲ. ಅದಕ್ಕೇ ನಮ್ಮದರ ಕಾಲಿಗೆ ಸಡಿಲವಾಗಿ ಒಂದು ಕೆಂಪು ನೂಲು ಕಟ್ಟಿದ್ದೆ. ಎರಡು ವಾರ ಬಿಟ್ಟು ನೆನಪಿನಿಂದ ಕತ್ತರಿಸಿ, ಇಲ್ಲದಿದ್ದರೆ ಬಿಗಿದು ಕಾಲು ಊದುತ್ತದೆ.